ಹಳೆ ಬೆಳ್ಳಿಯ ಮುದ್ರೆ ಓದುವುದು ಹೇಗೆ? ಸಿಂಹ, ಲಂಗರು, ಹಂದಿತಲೆ, ಓ.ಎಂ.

ಡೊಂಬಿವಲಿ_ಲೋಕಲ್

ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಟ್ಟಿಗೆ ತಂದ ನಾಲ್ಕು ಬಗೆ ಸಾಮಾನು. ಮುದ್ರೆಗಳ ಫೋಟೊ ಎಷ್ಟು ತೆಗೆದರೂ ಬರೀ ಹೊಳಪೇ ಬರುತ್ತಿದೆ. ಹಾಗಾಗಿ ಕಣ್ಣಿಗೆ ಕಂಡದ್ದನ್ನೇ ಬರೆಯುತ್ತೇನೆ.

ಒಂದು, ಹಾಲಿನ ಜಗ್ಗು, 142 ಗ್ರಾಂ. ತಳದಲ್ಲಿ ಒಂದೇ ಸಾಲಿನಲ್ಲಿ ಲಂಗರು, ನಡೆಯುವ ಸಿಂಹ, ಇಂಗ್ಲಿಷಿನ ‘ಎಂ’, ಎಡಕ್ಕೆ ಮುಖ ಮಾಡಿದ ಒಂದು ತಲೆ, ಆಮೇಲೆ ಸವೆದುಹೋದ ಎರಡಕ್ಷರ. ಎರಡು, ಆರು ಚಮಚ. ಪ್ರತಿಯೊಂದರ ಹಿಂದೆ ನಾಲ್ಕು ಪುಟ್ಟ ಚೌಕ, ಅವುಗಳಲ್ಲಿ ಇ, ಪಿ, ಎನ್, ಎಸ್. ಮೂರು, ಮೈತುಂಬ ಬಳ್ಳಿ ಕೆತ್ತನೆ ಇರುವ ಪನ್ನೀರುದಾನಿ, ತಳದಲ್ಲಿ ‘ಓ.ಎಂ.’ ನಾಲ್ಕು, ಗೋವಾದ ಹಳೆ ಮನೆಯದು ಎಂದು ಕೊಟ್ಟ ತಟ್ಟೆ, ಅಂಚಿನಲ್ಲಿ ಯಾವುದೋ ಪ್ರಾಣಿಯ ತಲೆ, ಪಕ್ಕದಲ್ಲಿ ಎರಡು ಕಡ್ಡಿ. ಅಂಗಡಿಯವನ ಬಾಯಲ್ಲಿ ಎಲ್ಲವೂ ‘ಇಂಗ್ಲಿಷ್ ಚಾಂದಿ’.

ಒರೆಗಲ್ಲು (ಮಾಟುಂಗಾ)

ಚಮಚಗಳನ್ನು ಮೊದಲು ಪಕ್ಕಕ್ಕಿಡಿ. ಇ.ಪಿ.ಎನ್.ಎಸ್. ಅಂದರೆ ನಿಕ್ಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಏರಿಸಿದ ಬೆಳ್ಳಿಯ ಲೇಪ. ನಿಕ್ಕಲ್ ಸಿಲ್ವರ್ ಎಂದರೆ ನಮ್ಮ ಜರ್ಮನ್ ಸಿಲ್ವರ್ರೇ: ತಾಮ್ರ, ನಿಕ್ಕಲ್, ಸತು. ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಎಲ್ಕಿಂಗ್ಟನ್ ಕಂಪನಿಗೆ ಈ ಲೇಪನದ ಪೇಟೆಂಟ್ ಸಿಕ್ಕಿದ್ದು 1840ರಲ್ಲಿ. ಅಕ್ಷರಗಳನ್ನು ಬಿಡಿಬಿಡಿ ಚೌಕಗಳಲ್ಲಿ ಹೊಡೆಯುವುದು ದೂರದಿಂದ ಹಾಲ್‌ಮಾರ್ಕ್‌ನಂತೆ ಕಾಣಲಿ ಎಂದೇ. ‘ಎ1’ ಎಂದಿದ್ದರೆ ಅದು ಲೇಪದ ದಪ್ಪದ ದರ್ಜೆ, ಬೆಳ್ಳಿಯ ಶುದ್ಧತೆ ಅಲ್ಲ. ಇ.ಪಿ.ಬಿ.ಎಂ. ಇದ್ದರೆ ಒಳಗಿರುವುದು ತವರ ಹೆಚ್ಚಿರುವ ಬ್ರಿಟಾನಿಯಾ ಲೋಹ. ‘ನೆವಾಡಾ ಸಿಲ್ವರ್’ ಎಂಬ ಹೆಸರು ಕಂಡರೂ ಮೋಸಹೋಗಬೇಡಿ, ಅದೂ ಬೆಳ್ಳಿಯಲ್ಲ.

ಜಗ್ಗು ಬೇರೆ ವಿಷಯ. ಅಲ್ಲಿರುವ ಐದು ಮುದ್ರೆಗಳಲ್ಲಿ ಒಂದನ್ನೇ ಹಿಡಿದುಕೊಂಡು ತೀರ್ಪು ಕೊಡುವಂತಿಲ್ಲ, ಐದೂ ಒಂದಕ್ಕೊಂದು ಸಾಕ್ಷಿ ಹೇಳಬೇಕು. ನಡೆಯುವ ಸಿಂಹ ಎಂದರೆ ಸ್ಟರ್ಲಿಂಗ್, ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯದು. ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡಕ್ಕೂ ಕಚೇರಿ ಬಂದದ್ದು 1773ರಲ್ಲಿ. ಶೆಫೀಲ್ಡಿನ ಗುರುತು ಕಿರೀಟ, 1975ರಿಂದ ಗುಲಾಬಿ. ಲಂಡನ್‌ದು ಚಿರತೆಯ ಮುಖ. 1821ರವರೆಗೆ ಆ ಚಿರತೆಗೆ ಕಿರೀಟ ಇತ್ತು, ಆಮೇಲೆ ಬೋಳು ತಲೆ.

ಇನ್ನು ಆ ಮನುಷ್ಯನ ತಲೆ. ಅದು ರಾಜ ಅಥವಾ ರಾಣಿಯದು, ಸುಂಕ ಕಟ್ಟಿದ್ದಕ್ಕೆ ರಸೀದಿ ಇದ್ದಂತೆ. 1784ರಿಂದ 1890ರವರೆಗೆ ಮಾತ್ರ ಈ ಗುರುತು ಹೊಡೆದರು. ಎಡಕ್ಕೆ ತಿರುಗಿದ್ದರೆ ಬಹುಮಟ್ಟಿಗೆ ವಿಕ್ಟೋರಿಯಾ. ಅವಳ ಹಿಂದಿನ ಜಾರ್ಜ್, ವಿಲಿಯಂ ಬಲಕ್ಕೆ ನೋಡುತ್ತಾರೆ. (1784-86ರ ಮೊದಲ ಎರಡು ವರ್ಷ ಜಾರ್ಜನೂ ಎಡಕ್ಕೇ ನೋಡುತ್ತಿದ್ದ, ಆದರೆ ಆ ತಲೆ ಉಬ್ಬಿರದೆ ತಗ್ಗಾಗಿ ಇರುತ್ತದೆ.)

ಈಗ ‘ಎಂ’ ಯಾವ ಬರಹದಲ್ಲಿದೆ ನೋಡಿ. ಬರ್ಮಿಂಗ್‌ಹ್ಯಾಮ್ ವರ್ಷಕ್ಕೊಂದು ಅಕ್ಷರ ಬದಲಿಸುತ್ತಿತ್ತು, ಇಡೀ ವರ್ಣಮಾಲೆ ಮುಗಿದಾಗ ಅಕ್ಷರದ ಶೈಲಿಯೂ ಅದರ ಸುತ್ತಿನ ಚೌಕಟ್ಟೂ ಬದಲಾಗುತ್ತಿದ್ದವು. 1875ರಲ್ಲಿ ಶುರುವಾದ ಸಾಲು ಗಾಥಿಕ್ ಶೈಲಿಯ (ಮೊನಚು ಮೂಲೆಗಳ ಹಳೆ ಬರಹ) ಸಣ್ಣಕ್ಷರ. ಜೆ ಬಿಟ್ಟು ಎಣಿಸಿದರೆ ಅದರಲ್ಲಿ ಎಂ ಬೀಳುವುದು 1886ಕ್ಕೆ. 1900ರಲ್ಲಿ ಶುರುವಾದ ಸಾಲು ಸಾದಾ ಸಣ್ಣಕ್ಷರ, ಅದರಲ್ಲಿ ಎಂ ಎಂದರೆ 1911. 1925ರ ಸಾಲು ದೊಡ್ಡಕ್ಷರ, ಅಲ್ಲಿ ಎಂ 1936. ನಿಮ್ಮ ಜಗ್ಗಿನಲ್ಲಿ ಸುಂಕದ ತಲೆ ಇರುವುದರಿಂದ 1911, 1936 ಎರಡೂ ಹೊರಗೆ. ಅಕ್ಷರ ಗಾಥಿಕ್ ಆಗಿದ್ದರೆ 1886. ಅಕ್ಷರ ಜುಲೈನಲ್ಲಿ ಬದಲಾಗುತ್ತಿತ್ತು, ಆದ್ದರಿಂದ ಬರೆಯುವಾಗ 1886-87 ಎನ್ನಿ.

ಕುಸುರಿ_ಕಣ್ಣು (ಮುಲುಂಡ್)

ಲಂಗರು, ಸಿಂಹ ಎರಡೂ ಇದ್ದ ಮಾತ್ರಕ್ಕೆ ಬರ್ಮಿಂಗ್‌ಹ್ಯಾಮ್ ಎಂದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಸಿಂಹ, ಲಂಗರು, ಗಾಥಿಕ್ ಜಿ ಈ ಮೂರೇ ಇದ್ದರೆ ಅದು ಅಮೆರಿಕದ ಗೋರಮ್ ಕಂಪನಿಯ ಸ್ವಂತ ಗುರುತು. ಅಲ್ಲಿ ಸರ್ಕಾರಿ ಪರೀಕ್ಷೆಯ ಮಾತೇ ಇಲ್ಲ. ಜೊತೆಗೆ ‘ಸ್ಟರ್ಲಿಂಗ್’ ಎಂಬ ಪದ ಪೂರ್ತಿ ಬರೆದಿರುವುದೂ ಉಂಟು. ಇಂಗ್ಲೆಂಡಿನ ಹಳೆ ಮಾಲಿನಲ್ಲಿ ಆ ಪದ ಬರೆಯುವ ರೂಢಿ ಇಲ್ಲ, ಸಿಂಹವೇ ಆ ಪದ.

ಫೋಟೊ ಬರದಿದ್ದರೆ ಹೀಗೆ ಮಾಡಿ. ಹಳೆ ಸ್ಟೀಲ್ ಚಮಚದ ಬೆನ್ನನ್ನು ಮೇಣದಬತ್ತಿಯ ಮೇಲೆ ಹಿಡಿದು ಮಸಿ ಕೂಡಿಸಿ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಆ ಮಸಿಯನ್ನು ತೆಗೆದು ಮುದ್ರೆಯ ಮೇಲೆ ತೆಳುವಾಗಿ ತಟ್ಟಿ. ಪಾರದರ್ಶಕ ಸೆಲೋಟೇಪನ್ನು ಅದರ ಮೇಲೆ ಒತ್ತಿ, ಉಗುರಿನಿಂದ ಮೂಲೆಮೂಲೆಗೆ ತೀಡಿ, ಒಂದೇ ಎಳೆತಕ್ಕೆ ಎತ್ತಿ ಬಿಳಿ ಕಾಗದಕ್ಕೆ ಅಂಟಿಸಿ. ಅಕ್ಷರ ತಿರುವುಮುರುವು ಆಗುವುದಿಲ್ಲ, ಇದ್ದ ಹಾಗೇ ಬರುತ್ತದೆ. ಆ ಕಾಗದದ ಫೋಟೊ ತೆಗೆಯಿರಿ. ಜಗ್ಗನ್ನೇ ಬೆಂಕಿಗೆ ಹಿಡಿಯಬೇಡಿ, ಹಿಡಿಕೆಯ ಬೆಸುಗೆ ಹಳೆಯದು.

ನೇರ ಫೋಟೊ ಬೇಕಿದ್ದರೆ ಫ್ಲಾಶ್ ಆರಿಸಿ, ಟಾರ್ಚನ್ನು ಮೇಲಿನಿಂದಲ್ಲ, ಬದಿಯಿಂದ ನೆಲಮಟ್ಟಕ್ಕೆ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಹತ್ತು ಪಟ್ಟಿನ ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಸಾಕು. ಇಪ್ಪತ್ತು, ಮೂವತ್ತು ಪಟ್ಟಿನವು ಒಂದೇ ಗೀರನ್ನು ಬೆಟ್ಟ ಮಾಡಿ ತೋರಿಸುತ್ತವೆ, ಇಡೀ ಮುದ್ರೆ ಕಣ್ಣಿಗೆ ಸಿಗುವುದಿಲ್ಲ.

ಮತ್ತೆ ದಯವಿಟ್ಟು, ಮುದ್ರೆ ಓದುವ ಮುನ್ನ ಉಜ್ಜಬೇಡಿ. ನಮ್ಮ ಮನೆಗಳಲ್ಲಿ ಹಬ್ಬಹಬ್ಬಕ್ಕೆ ವಿಭೂತಿ ಹಾಕಿ ಬೆಳ್ಳಿ ಉಜ್ಜುತ್ತಾರಲ್ಲ, ಐವತ್ತು ವರ್ಷಕ್ಕೆ ಎಂತಹ ಮುದ್ರೆಯೂ ನುಣ್ಣಗಾಗುತ್ತದೆ. ಹಲ್ಲುಜ್ಜುವ ಪೇಸ್ಟ್ ಇನ್ನೂ ಕೆಟ್ಟದ್ದು. ಅಲ್ಯೂಮಿನಿಯಂ ಹಾಳೆ, ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆಸೋಡಾ, ಅಷ್ಟೇ ಉಪ್ಪು ಹಾಕುವ ವಿಧಾನ ಸಾದಾ ಲೋಟ, ತಟ್ಟೆಗೆ ಪರವಾಗಿಲ್ಲ. ಪನ್ನೀರುದಾನಿಗೆ ಮಾತ್ರ ಬೇಡ. ಕೆತ್ತನೆಯ ಸಂದಿಯಲ್ಲಿ ಬೇಕೆಂದೇ ಬಿಟ್ಟ ಕಪ್ಪನ್ನೂ ಅದು ಎಳೆದುಹಾಕುತ್ತದೆ, ಬಳ್ಳಿಯೆಲ್ಲ ಚಪ್ಪಟೆಯಾಗಿ ಕಾಣತೊಡಗುತ್ತದೆ.

ಮಾಂಡೋವಿ_ದಂಡೆ (ಪಣಜಿ)

ತಟ್ಟೆ ಇಂಗ್ಲಿಷ್ ಅಲ್ಲವೇ ಅಲ್ಲ. ಆ ಪ್ರಾಣಿ ಕಾಡುಹಂದಿ ಆಗಿದ್ದರೆ ಅದು ಪೋರ್ಚುಗಲ್ಲಿನ ಸರ್ಕಾರಿ ಮುದ್ರೆ, 1887ರಿಂದ 1937ರವರೆಗಿನದು. ಒಂದು ಕಡ್ಡಿ ಇದ್ದರೆ ಸಾವಿರಕ್ಕೆ 916 ಪಾಲು ಬೆಳ್ಳಿ, ಎರಡು ಕಡ್ಡಿ ಇದ್ದರೆ 833. ನಿಮ್ಮದು ಎರಡನೆಯದು. 1938ರಿಂದ 1984ರವರೆಗೆ ಹಂದಿಯ ಜಾಗಕ್ಕೆ ಹದ್ದಿನ ತಲೆ ಬಂತು, ಜೊತೆಗೆ 833 ಅಥವಾ 916 ಎಂಬ ಅಂಕೆ. ಹಂದಿಗೂ ಮೊದಲು ಊರಿನ ಅಕ್ಷರ: ಕಿರೀಟದ ಕೆಳಗೆ ಪಿ ಇದ್ದರೆ ಪೋರ್ಟೊ, ಎಲ್ ಇದ್ದರೆ ಲಿಸ್ಬನ್.

833 ಎಂಬ ವಿಚಿತ್ರ ಅಂಕೆ ಎಲ್ಲಿಂದ ಬಂತು ಎಂದು ಕೇಳುವವರಿಗೆ: ಪೋರ್ಚುಗೀಸರು ಚೊಕ್ಕ ಬೆಳ್ಳಿಯನ್ನು ಹನ್ನೆರಡು ‘ದಿನ್ಯೈರು’ (ಪಾಲು) ಎಂದು ಅಳೆಯುತ್ತಿದ್ದರು. ಹನ್ನೆರಡಕ್ಕೆ ಹತ್ತು ಪಾಲು ಎಂದರೆ 833, ಹನ್ನೊಂದು ಪಾಲು ಎಂದರೆ 916. ನಮ್ಮ ಹಳೆ ಬ್ರಿಟಿಷ್ ಬೆಳ್ಳಿ ರೂಪಾಯಿಯೂ ಇದೇ ಹನ್ನೊಂದು ಪಾಲಿನದು. 1940ರಲ್ಲಿ ಅದನ್ನು ಅರ್ಧಕ್ಕರ್ಧ ಬೆಳ್ಳಿಗೆ ಇಳಿಸಿದರು. ಹಳೆ ರೂಪಾಯಿ ಕರಗಿಸಿ ಮಾಡಿಸಿದ ಸಾಮಾನು 916ರ ಸುತ್ತಮುತ್ತ ಬಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಮುದ್ರೆ ಪೋರ್ಚುಗಲ್ಲಿನದು ಎಂದರೆ ಮಾಲೂ ಅಲ್ಲಿಂದ ಹಡಗಿನಲ್ಲಿ ಬಂದದ್ದು ಎಂದರ್ಥ. ಗೋವಾದಲ್ಲೇ ನಮ್ಮ ಶೇಟರು (ಅಕ್ಕಸಾಲಿಗರು) ಮಾಡಿದ ಚರ್ಚಿನ ದೀಪ, ಶಿಲುಬೆ, ಪೆಟ್ಟಿಗೆಗಳ ಮೇಲೆ ಸಾಮಾನ್ಯವಾಗಿ ಮುದ್ರೆಯೇ ಇರುವುದಿಲ್ಲ. ಬಾಂ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಬೆಳ್ಳಿ ಪೆಟ್ಟಿಗೆ ಇದೆಯಲ್ಲ, 1636-37ರಲ್ಲಿ ಗೋವಾದ ಅಕ್ಕಸಾಲಿಗರದೇ ಕೆಲಸ. ಮುದ್ರೆ ಇಲ್ಲದ್ದೆಲ್ಲ ನಕಲಿ ಎನ್ನುವವರು ಹಳೆ ಗೋವಾಕ್ಕೆ ಹೋಗಿ ಅದನ್ನು ನೋಡಿಬರಲಿ. ಸಾಂತಾ ಮೋನಿಕಾ ಕಾನ್ವೆಂಟಿನ ಕ್ರೈಸ್ತ ಕಲಾ ಸಂಗ್ರಹಾಲಯವೂ ಅಲ್ಲೇ ಹತ್ತಿರ.

ಡೊಂಬಿವಲಿ_ಲೋಕಲ್

ಮಸಿ ಪ್ರಯೋಗ ಚೆನ್ನಾಗಿ ಬಂತು. ಎಂ ಗಾಥಿಕ್ಕೇ. ತಟ್ಟೆಯದು ಹಂದಿಯೇ, ಮೂತಿ ಸ್ಪಷ್ಟ. ಹಾಗಾದರೆ ಜಗ್ಗು 1886 ಎಂದು ಗಟ್ಟಿಯಾಯಿತೆ? ಪನ್ನೀರುದಾನಿಯ ಓ.ಎಂ. ಬಗ್ಗೆ ಯಾರೂ ಹೇಳಲಿಲ್ಲ.

ಒರೆಗಲ್ಲು (ಮಾಟುಂಗಾ)

ಮುದ್ರೆ 1886ರದು. ಜಗ್ಗು 1886ರದೋ ಅಲ್ಲವೋ ಇನ್ನೂ ಗೊತ್ತಿಲ್ಲ. ಅವೆರಡೂ ಒಂದೇ ಅಲ್ಲ.

ಓ.ಎಂ. ಎಂದರೆ ಭುಜ್‌ನ ಊಮರ್ಸಿ ಮಾವ್ಜಿ, ಕಛ್‌ನ ಮಹಾರಾವ್ ಅವರ ಆಸ್ಥಾನದ ಬೆಳ್ಳಿ ಕೆಲಸಗಾರ, ಹತ್ತೊಂಬತ್ತನೇ ಶತಮಾನದ ಕೊನೆಭಾಗ. ಭಾರತದ ಬೆಳ್ಳಿಯಲ್ಲಿ ಇಷ್ಟು ಬೆಲೆ ಬಾಳುವ ಮುದ್ರೆ ಇನ್ನೊಂದಿಲ್ಲ, ಹಾಗಾಗಿಯೇ ಅದರ ನಕಲುಗಳೂ ಬಹಳ. ಎರಡಕ್ಷರದ ಠಸ್ಸೆ ಮಾಡಿಸುವುದು ಯಾರಿಗೂ ಕಷ್ಟವಲ್ಲ. ನೆನಪಿಡಿ, ಬ್ರಿಟಿಷರ ಕಾಲದಲ್ಲೂ ಭಾರತದಲ್ಲಿ ಬೆಳ್ಳಿಗೆ ಕಡ್ಡಾಯ ಪರೀಕ್ಷೆ ಇರಲಿಲ್ಲ. ಕಲ್ಕತ್ತಾದ ಹ್ಯಾಮಿಲ್ಟನ್ ಕಂಪನಿ ತನ್ನ ಹೆಸರಿನ ಅಕ್ಷರಗಳ ಜೊತೆ ಆನೆ, ಇನ್ನೊಂದು ಅಕ್ಷರ ಹೊಡೆದು ಹಾಲ್‌ಮಾರ್ಕಿನ ಚೆಂದ ತರುತ್ತಿತ್ತು, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಹೆಸರನ್ನೇ ಹೊಡೆಯುತ್ತಿತ್ತು. ಇವೆಲ್ಲ ಅಂಗಡಿಯ ಮಾತು, ಸರ್ಕಾರದ ಮಾತಲ್ಲ. ನಮ್ಮಲ್ಲಿ ಬಿ.ಐ.ಎಸ್. (ಭಾರತೀಯ ಮಾನಕ ಬ್ಯೂರೋ) ಬೆಳ್ಳಿಗೆ ಹಾಲ್‌ಮಾರ್ಕ್ ಶುರುಮಾಡಿದ್ದೇ 2005ರಲ್ಲಿ. ‘ಹಳೆ ಕಾಲದ್ದು’ ಎಂದು ಕೊಟ್ಟದ್ದರ ಮೇಲೆ ಬಿ.ಐ.ಎಸ್. ತ್ರಿಕೋನ ಕಂಡರೆ ಹೆಚ್ಚು ಯೋಚಿಸಬೇಕಾಗಿಲ್ಲ.

ಆದ್ದರಿಂದ ಓ.ಎಂ. ಬಿಟ್ಟು ಕೆಲಸ ನೋಡಿ. ಕಛ್ ಕೆಲಸದಲ್ಲಿ ಬಳ್ಳಿಯನ್ನು ಒಳಗಿನಿಂದ ಕುಟ್ಟಿ ಎಬ್ಬಿಸಿ, ಹೊರಗಿನಿಂದ ಉಳಿಯಲ್ಲಿ ತಿದ್ದಿರುತ್ತಾರೆ. ಎಲೆಯ ನರ ಒಂದೊಂದೂ ಬೇರೆ ಪೆಟ್ಟು, ಹಿನ್ನೆಲೆಯಲ್ಲಿ ಸೂಕ್ಷ್ಮ ಚುಕ್ಕಿ ಅಥವಾ ಉಂಗುರದ ಪೆಟ್ಟು ಒತ್ತೊತ್ತಾಗಿ. ಎಲೆಗಳ ನಡುವೆ ಸಣ್ಣ ಪ್ರಾಣಿ, ಹಕ್ಕಿ ಅಡಗಿರುವುದೂ ಉಂಟು. ಈಗ ಲೂಪ್ ಹಿಡಿದು ಒಂದೇ ಥರದ ಎರಡು ಎಲೆಗಳನ್ನು ಪಕ್ಕಪಕ್ಕ ನೋಡಿ. ಗೀರು ಗೀರಿಗೂ ಒಂದೇ ಇದ್ದರೆ, ಅಂಚು ಬೆಣ್ಣೆ ಸವರಿದಂತೆ ಮೊಂಡಾಗಿದ್ದರೆ, ಅದು ಎರಕ ಅಥವಾ ಅಚ್ಚು. ಪನ್ನೀರುದಾನಿಯ ಬುರುಡೆಯ ಒಳಗೆ ಬೆರಳು ಹೋಗದಿದ್ದರೆ ಟಾರ್ಚ್ ಬಿಡಿ. ಕುಟ್ಟಿದ ಕೆಲಸದ ಒಳಮೈ ಹೊರಗಿನ ಬಳ್ಳಿಯ ಪಡಿಯಚ್ಚಿನಂತೆ ಹಳ್ಳತಿಟ್ಟಾಗಿರುತ್ತದೆ. ಎರಕದ್ದರ ಒಳಗೆ ಬಹುಮಟ್ಟಿಗೆ ನಯ, ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು.

ತೂಕ_ತಪ್ಪದು (ಪುಣೆ)

ಎಲ್ಲಕ್ಕೂ ಮೊದಲು ಸಾಂದ್ರತೆ ನೋಡಬೇಕು. ಖರ್ಚಿಲ್ಲ, ಗೀರು ಬೀಳುವುದಿಲ್ಲ. 0.1 ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು, 0.01 ಆದರೆ ಇನ್ನೂ ಒಳ್ಳೆಯದು.

ಜಗ್ಗನ್ನು ಒಣಗಿದ್ದಾಗ ತೂಗಿ ಬರೆದಿಡಿ. ತಕ್ಕಡಿಯ ಮೇಲೆ ನೀರು ತುಂಬಿದ ಅಗಲ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಜಗ್ಗನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ; ತಳಕ್ಕೂ ಬದಿಗೂ ತಾಗದಂತೆ ದಾರ ಹಿಡಿದೇ ಇರಿ. ಈಗ ತಕ್ಕಡಿ ತೋರಿಸುವುದು ಜಗ್ಗು ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. 142 ಗ್ರಾಂ ಜಗ್ಗು 13.7 ತೋರಿಸಿದರೆ 10.36, ಅಂದರೆ ಸ್ಟರ್ಲಿಂಗ್ ಇರಬೇಕಾದಷ್ಟೇ. ಚೊಕ್ಕ ಬೆಳ್ಳಿ 10.49, 833 ಆದರೆ 10.2, ಜರ್ಮನ್ ಸಿಲ್ವರ್ 8.7ರ ಆಸುಪಾಸು, ಹಿತ್ತಾಳೆ 8.5.

ತಪ್ಪುವುದು ಎಲ್ಲಿ ಎಂದರೆ ಗಾಳಿಗುಳ್ಳೆಯಲ್ಲಿ. ಹಿಡಿಕೆಯ ಕೆಳಗೆ ಒಂದು ಗುಳ್ಳೆ ಸಿಕ್ಕಿಕೊಂಡು 0.2 ಗ್ರಾಂ ಹೆಚ್ಚು ತೋರಿಸಿದರೂ 10.36 ಇದ್ದದ್ದು 10.2 ಆಗುತ್ತದೆ, ಸ್ಟರ್ಲಿಂಗ್ ಜಗ್ಗು ಕೂತಲ್ಲೇ ಪೋರ್ಚುಗೀಸ್ ಆಗಿಬಿಡುತ್ತದೆ! ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮುಳುಗಿಸಿದ ಮೇಲೆ ಸಣ್ಣ ಬ್ರಷ್ಷಿನಿಂದ ಸಂದಿ ಸಂದಿ ಸವರಿ. ಮೂರು ಸಲ ಮಾಡಿ, ಮೂರೂ ಹೊಂದಿದರೆ ನಂಬಿ. ಪನ್ನೀರುದಾನಿಗೆ ಈ ವಿಧಾನ ಕಷ್ಟ, ತುದಿಯ ತೂತುಗಳಿಂದ ಗಾಳಿ ಪೂರ್ತಿ ಹೊರಬರುವುದಿಲ್ಲ. ತಿರುಪು ಬಿಚ್ಚುವಂತಿದ್ದರೆ ಭಾಗಭಾಗವಾಗಿ ತೂಗಿ. ಮೇಣದಬತ್ತಿ ಕಂಬ, ಚಾಕುವಿನ ಹಿಡಿ ಇವಕ್ಕೆ ಒಳಗೆ ರಾಳ ತುಂಬಿರುತ್ತಾರೆ, ಅಲ್ಲಿ ಈ ಲೆಕ್ಕ ನಡೆಯುವುದೇ ಇಲ್ಲ.

ಆಸಿಡ್ ಪರೀಕ್ಷೆಯ ಬಗ್ಗೆ ಯಾರಾದರೂ ಹೇಳುವ ಮೊದಲು: ನೈಟ್ರಿಕ್ ಆಸಿಡ್ಡಿನಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಕರಗಿಸಿದ ದ್ರಾವಣ ಬೆಳ್ಳಿಯ ಮೇಲೆ ಕೆಂಪಾಗುತ್ತದೆ ನಿಜ. ಆದರೆ ಲೇಪದ ಮೇಲೆ ಬಿಟ್ಟರೂ ಕೆಂಪೇ ಆಗುತ್ತದೆ. ಒಳಗಿನದು ತಿಳಿಯಲು ಅರದಿಂದ ಕೊರೆಯಬೇಕು. ಹಳೆ ಸಾಮಾನಿಗೆ ಅರ ಹಾಕಿದ ಮೇಲೆ ಉತ್ತರ ಸಿಕ್ಕಿ ಏನು ಮಾಡುವುದು? ಲೇಪ ತಿಳಿಯಲು ಕಣ್ಣೇ ಸಾಕು. ಚಮಚದ ಬೆನ್ನು, ತಟ್ಟೆಗೆ ತಾಗುವ ಅಡಿ, ಕೆತ್ತನೆಯ ಎತ್ತರದ ಜಾಗ ನೋಡಿ: ಸವೆದಲ್ಲಿ ಹಳದಿಛಾಯೆಯ ಬೂದು ಕಂಡರೆ ಒಳಗೆ ಜರ್ಮನ್ ಸಿಲ್ವರ್, ಗುಲಾಬಿ ಕಂಡರೆ ತಾಮ್ರ.

ಡೊಂಬಿವಲಿ_ಲೋಕಲ್

ಜವೇರಿ ಬಜಾರಿನ ಹತ್ತಿರ ಮೆಷಿನ್ನಿನಲ್ಲಿ ನೋಡಿಸಿದರೆ ಈ ನೀರಿನ ಉಸಾಬರಿ ಬೇಡವಲ್ಲ?

ತೂಕ_ತಪ್ಪದು (ಪುಣೆ)

ನೋಡಿಸಿ, ಬೇಡ ಎನ್ನುವುದಿಲ್ಲ. ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಲೋಹ ಗುರುತಿಸುವ) ಯಂತ್ರ ನಿಮಿಷದಲ್ಲಿ ಚೀಟಿ ಕೊಡುತ್ತದೆ. ಆದರೆ ಅದು ನೋಡುವುದು ಮೇಲ್ಮೈಯನ್ನು ಮಾತ್ರ, ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಕೆಲವು ಭಾಗದಷ್ಟು ಆಳ. ದಪ್ಪ ಲೇಪ ಇದ್ದರೆ ಲೇಪವನ್ನೇ ಓದಿ ‘ಒಳ್ಳೆ ಬೆಳ್ಳಿ’ ಎನ್ನುತ್ತದೆ. ಬೆಳ್ಳಿ ಕೆಲಸ ಮುಗಿದ ಮೇಲೆ ಹುಳಿಯಲ್ಲಿ ಕುದಿಸಿ ಬಿಳುಪು ಮಾಡುವ ಪದ್ಧತಿ ಇದೆಯಲ್ಲ, ಆಗ ಮೇಲ್ಪದರದ ತಾಮ್ರ ಹೋಗಿ ಬೆಳ್ಳಿ ಉಳಿಯುತ್ತದೆ; 833ರ ಸಾಮಾನೂ ಮೇಲೆ 900 ದಾಟಿ ತೋರಿಸಬಹುದು. ಬೆಸುಗೆಯ ಮೇಲೆ ಇಟ್ಟರೆ ಉಲ್ಟಾ, ಕಡಿಮೆ ಬರುತ್ತದೆ. ಬಾಯಿಯ ಅಂಚು, ಮೈ, ತಳ, ಹಿಡಿಕೆ, ಕಡಿಮೆಯೆಂದರೆ ನಾಲ್ಕು ಜಾಗದಲ್ಲಿ ನೋಡಿಸಿ. ಮುಖ್ಯವಾಗಿ ಮುದ್ರೆಯ ಮೇಲೊಂದು, ಅದರಿಂದ ಎರಡು ಸೆಂಟಿಮೀಟರ್ ಆಚೆ ಒಂದು. ಅದೇಕೆಂದು ಒರೆಗಲ್ಲು ಹೇಳುತ್ತಾರೆ.

ಒರೆಗಲ್ಲು (ಮಾಟುಂಗಾ)

ಹೌದು, ಅದಕ್ಕೇ ‘ಒಂದೇ ಸಾಲಿನಲ್ಲಿ’ ಎಂದಾಗಲೇ ಮನಸ್ಸಿಗೆ ಕಿರಿಕಿರಿ ಆಯಿತು. ಚಮಚದ ಕಡ್ಡಿಯ ಮೇಲೆ ಜಾಗ ಕಿರಿದು, ಅಲ್ಲಿ ಮುದ್ರೆಗಳು ಒತ್ತಾಗಿ ಸಾಲುಗಟ್ಟುತ್ತವೆ. ಜಗ್ಗಿನ ತಳದಲ್ಲೂ ಸಾಲು ಬರಬಹುದು, ತಪ್ಪೇನಲ್ಲ. ಆದರೆ ಹಳೆಯ ಒಂದು ಮೋಸ ಇದೆ: ಮುರಿದ ಸಣ್ಣ ಸಾಮಾನಿನಿಂದ ಅಸಲಿ ಮುದ್ರೆಯ ತುಂಡು ಕತ್ತರಿಸಿ, ದೊಡ್ಡ ಹೊಸ ಪಾತ್ರೆಯ ತಳಕ್ಕೆ ಕೂರಿಸಿ ಬೆಸೆಯುವುದು. ಮುದ್ರೆ ನೂರಕ್ಕೆ ನೂರು ಅಸಲಿ, ಆದ್ದರಿಂದ ಯಾವ ಪಟ್ಟಿಗೆ ಹೋಲಿಸಿದರೂ ಪಾಸು.

ಪತ್ತೆ ಹೀಗೆ. ಜಗ್ಗನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದು, ತಳದ ಮೇಲೆ ಬಾಯಿಂದ ಹಾ ಎಂದು ಬಿಸಿಯುಸಿರು ಬಿಡಿ. (ಮುಂಬೈಯ ಮಳೆಗಾಲದಲ್ಲಿ ಉಸಿರೂ ಬೇಡ, ತಾನೇ ಮಂಜು ಕೂರುತ್ತದೆ.) ಮಂಜು ಆರುವಾಗ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಒಂದು ಕ್ಷಣ ಕಾಣುತ್ತದೆ. ಒಳಗಡೆಯೂ ನೋಡಿ. ಠಸ್ಸೆಯನ್ನು ಸುತ್ತಿಗೆಯಿಂದ ಹೊಡೆದಿದ್ದರೆ ಒಳಮೈಯಲ್ಲಿ ಅದರ ನೇರಕ್ಕೆ ಸಣ್ಣ ಉಬ್ಬು ಅಥವಾ ತಟ್ಟಿ ಸಮ ಮಾಡಿದ ಗುರುತು ಇರಬೇಕು.

ಉಳಿದ ಬಗೆಗಳನ್ನು ಬೇಗ ಹೇಳುತ್ತೇನೆ. ಮುಚ್ಚಳ ಇರುವ ಪಾತ್ರೆಯಾದರೆ ಮುಚ್ಚಳದ ಮೇಲೂ ಸಿಂಹ, ತಯಾರಕನ ಗುರುತು ಇರಬೇಕು. ಪೂರ್ತಿ ಐದೂ ಬೇಕೆಂದಿಲ್ಲ, ಆದರೆ ಇದ್ದವು ಮೈಯ ಮುದ್ರೆಗೆ ಹೊಂದಬೇಕು. ಆರು ಚಮಚ ಸೆಟ್ಟಿನಲ್ಲಿ ಆರರಲ್ಲೂ ಸಿಂಹಕ್ಕೂ ಅಕ್ಷರಕ್ಕೂ ನಡುವಿನ ಅಂತರ ಕೂದಲೆಳೆಯೂ ಬದಲಾಗದೆ ಇದ್ದರೆ ಒಂದನ್ನಿಟ್ಟುಕೊಂಡು ಉಳಿದದ್ದನ್ನು ಎರಕ ಹೊಯ್ದಿರಬಹುದು. ಕೈಯಿಂದ ಒಂದೊಂದೇ ಠಸ್ಸೆ ಹೊಡೆದರೆ ಹಾಗೆ ಬರಲು ಸಾಧ್ಯವಿಲ್ಲ. ಮುದ್ರೆ ಒಂದು ದಿಕ್ಕಿಗೆ ಎಳೆದಂತೆ ಉದ್ದವಾಗಿದ್ದರೆ ಮುದ್ರೆ ಬಿದ್ದ ಮೇಲೆ ವಸ್ತುವಿನ ಆಕಾರ ಬದಲಿಸಿದ್ದಾರೆ.

ತಯಾರಕನ ಎರಡಕ್ಷರದ ಬಗ್ಗೆ: ಅದರ ಹಿಂದೆ ಬೀಳುವುದು ಕೊನೆಗೆ. ಒಂದೇ ಎರಡಕ್ಷರವನ್ನು ಹತ್ತಾರು ಜನ ನೋಂದಾಯಿಸಿರುತ್ತಾರೆ. ಊರು, ವರ್ಷ ಗೊತ್ತಾದ ಮೇಲೆ ಚೌಕಟ್ಟಿನ ಆಕಾರ, ನಡುವೆ ಚುಕ್ಕಿ ಇದೆಯೋ ಇಲ್ಲವೋ, ಅಕ್ಷರ ನೇರವೋ ಓರೆಯೋ ನೋಡಿ ಒಬ್ಬೊಬ್ಬರನ್ನೇ ಬಿಡುತ್ತ ಬರಬೇಕು. ಓರೆ ಬರಹದ ‘ಎಚ್‌ಬಿ’ ಕಂಡ ಕೂಡಲೇ ಹೆಸ್ಟರ್ ಬೇಟ್‌ಮನ್ ಎಂದು ಬೆಲೆ ಏರಿಸುವವರಿದ್ದಾರೆ. ಆಕೆ ಲಂಡನ್ನಿನವಳು, 1761ರಿಂದ 1790ರವರೆಗೆ. ಪಕ್ಕದಲ್ಲಿ ವಿಕ್ಟೋರಿಯಾ ತಲೆ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಕುಸುರಿ_ಕಣ್ಣು (ಮುಲುಂಡ್)

ಮುಂಬೈಯಲ್ಲಿ ಕೊಳ್ಳುವವರಿಗೆ ಇನ್ನೊಂದು. ಪಾರ್ಸಿ ಮನೆಗಳ ‘ಸೇಸ್’ ಎಂಬ ಶುಭಕಾರ್ಯದ ತಟ್ಟೆ, ಗುಲಾಬ್ದಾನಿ ಬಜಾರಿಗೆ ಬಂದಾಗ ಅವುಗಳ ಮೇಲೆ ‘ಡಬ್ಲ್ಯು.ಎಚ್. 90’ ಮತ್ತು ಚೀನೀ ಅಕ್ಷರ ಕಂಡರೆ ಲೇಪ ಎಂದು ಬಿಡಬೇಡಿ. ಅದು ಹಾಂಗ್‌ಕಾಂಗ್‌ನ ವಾಂಗ್ ಹಿಂಗ್, 90 ಎಂದರೆ ನೂರಕ್ಕೆ ತೊಂಬತ್ತು ಬೆಳ್ಳಿ. ಹಾಗೆಯೇ 800, ಪಕ್ಕದಲ್ಲಿ ಅರ್ಧಚಂದ್ರ ಮತ್ತು ಕಿರೀಟ ಇದ್ದರೆ ಜರ್ಮನಿ, 1888ರ ನಂತರದ್ದು. 84 ಎಂದಿದ್ದರೆ ರಷ್ಯಾ, ನಮ್ಮ ಲೆಕ್ಕದಲ್ಲಿ 875.

ನೂರು ವರ್ಷ ದಾಟಿದ್ದು 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಮಗಳ ಮನೆಗೆಂದು ಅಮೆರಿಕಕ್ಕೆ ಸೂಟ್‌ಕೇಸಿನಲ್ಲಿ ಒಯ್ಯುವ ಹಾಗಿಲ್ಲ.

ಡೊಂಬಿವಲಿ_ಲೋಕಲ್

ಮೂರು ಸಲ ನೀರಿನಲ್ಲಿ ತೂಗಿದೆ: 13.7, 13.8, 13.7. ಆದ್ದರಿಂದ ಜಗ್ಗು ಬೆಳ್ಳಿಯೇ. ತಟ್ಟೆ 10.2. ಚಮಚ 48 ಗ್ರಾಂ, 5.5 ತೋರಿಸಿತು, ಅಂದರೆ 8.7. ಪನ್ನೀರುದಾನಿಯ ಎಲೆಗಳು ಒಂದಕ್ಕೊಂದು ಬೇರೆಯೇ ಇವೆ, ಒಳಗೂ ಹಳ್ಳತಿಟ್ಟು ಕಾಣುತ್ತಿದೆ.

ಫ್ರಿಜ್ಜಿನಿಂದ ತೆಗೆದ ಜಗ್ಗಿನ ತಳದಲ್ಲಿ ಒಂದು ಗೆರೆ ಕಂಡಿತು. ದುಂಡಗೆ.

ಒರೆಗಲ್ಲು (ಮಾಟುಂಗಾ)

ದುಂಡಗಿದ್ದ ಮಾತ್ರಕ್ಕೆ ಗಾಬರಿ ಬೇಡ. ತಳವನ್ನೇ ಬೇರೆ ತಗಡಿನಿಂದ ಮಾಡಿ ಬೆಸೆದಿದ್ದರೂ ದುಂಡು ಗೆರೆ ಬರುತ್ತದೆ, ಅದು ಪ್ರಾಮಾಣಿಕ ಕೆಲಸ. ಆದರೆ ಆ ವೃತ್ತಕ್ಕೂ ಜಗ್ಗಿಗೂ ಕೇಂದ್ರ ಒಂದೇ ಇರುತ್ತದೆ, ನಡುವೆ ಕೈವಾರದ ಮೊನೆ ಊರಿದ ಸಣ್ಣ ಚುಕ್ಕಿಯೂ ಇರಬಹುದು. ನಿಮ್ಮ ಗೆರೆ ಎಷ್ಟು ಅಗಲ, ಎಲ್ಲಿದೆ?

ಡೊಂಬಿವಲಿ_ಲೋಕಲ್

ಉದ್ದ 22 ಮಿಲಿಮೀಟರ್, ಅಗಲ 12. ದುಂಡು ಎಂದದ್ದು ತಪ್ಪು, ಮೊಟ್ಟೆಯಾಕಾರ. ಚುಕ್ಕಿ ಇದೆ, ಆದರೆ ಗೆರೆಯಿಂದ ಹೊರಗೆ. ಐದೂ ಮುದ್ರೆ ಗೆರೆಯ ಒಳಗೆ.

ಒರೆಗಲ್ಲು (ಮಾಟುಂಗಾ)

ಹಾಗಾದರೆ ಮುದ್ರೆ ಬೇರೆ ಸಾಮಾನಿನದು. ಜಗ್ಗಿಗೆ ಬೆಳ್ಳಿಯ ತೂಕದ ಬೆಲೆ ಕಟ್ಟಿ, 1886ಕ್ಕೆ ಒಂದು ಪೈಸೆಯನ್ನೂ ಸೇರಿಸಬೇಡಿ. ಪನ್ನೀರುದಾನಿಯ ತಿರುಪನ್ನು ಬಲವಂತವಾಗಿ ಬಿಚ್ಚಲು ಹೋಗಬೇಡಿ, ಎರಡು ಹನಿ ತೆಳು ಮಷಿನ್ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬಿಚ್ಚಿದ ಮೇಲೆ ಒಳಗಿನ ಫೋಟೊ ಹಾಕಿ, ಅದನ್ನು ನೋಡಬೇಕು.